ಸತುವಿನ ಕಿಣ್ವದ ಕೆಲಸವನ್ನು ಕಂಪ್ಯೂಟರಿನಲ್ಲಿ ನೋಡುವುದು ಹೇಗೆ?

ನಮ್ಮ ಕೆಂಪು ರಕ್ತಕಣಗಳಲ್ಲಿ ಕಾರ್ಬಾನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವವಿದೆ. ಕಿಣ್ವವೆಂದರೆ ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನು. ಇದು ಇಂಗಾಲದ ಡೈಆಕ್ಸೈಡನ್ನು ನೀರಿನೊಂದಿಗೆ ಸೇರಿಸಿ ಬೈಕಾರ್ಬನೇಟ್ ಮಾಡುತ್ತದೆ. ತಾನಾಗಿಯೇ ನಡೆಯಲು ಹತ್ತಾರು ಸೆಕೆಂಡು ಹಿಡಿಯುವ ಈ ಕ್ರಿಯೆಯನ್ನು ಸಿಎ-2 ಎಂಬ ಬಗೆಯು ಸೆಕೆಂಡಿಗೆ ಸುಮಾರು 10 ಲಕ್ಷ ಸಲ ನಡೆಸುತ್ತದೆ!

ಈ ವೇಗ ಎಲ್ಲಿಂದ ಬಂತು? ಕಿಣ್ವದಲ್ಲಿ ಸತು ಇದೆಯೆಂದು 1940ರಲ್ಲಿ ಕೀಲಿನ್ ಮತ್ತು ಮ್ಯಾನ್ ತೋರಿಸಿದರು. ಮೂರು ಹಿಸ್ಟಿಡಿನ್ ಅಮೈನೊ ಆಮ್ಲಗಳು ಸತುವನ್ನು ಹಿಡಿದಿರುತ್ತವೆ. ನಾಲ್ಕನೆಯ ಜಾಗದಲ್ಲಿ ಒಂದು ನೀರಿನ ಅಣು. ಸತುವಿನ ಧನ ವಿದ್ಯುದಂಶದ ಸೆಳೆತದಿಂದ ಆ ನೀರು ಸುಲಭವಾಗಿ ಪ್ರೋಟಾನು ಬಿಟ್ಟು ಹೈಡ್ರಾಕ್ಸೈಡ್ ಆಗುತ್ತದೆ. ಅದೇ ಇಂಗಾಲದ ಡೈಆಕ್ಸೈಡಿನ ಮೇಲೆ ಎರಗುವುದು. ಬೈಕಾರ್ಬನೇಟ್ ಕಳಚಿಕೊಂಡ ಮೇಲೆ ಹೊಸ ನೀರು ಬಂದು ಕೂರುತ್ತದೆ. ನಿಧಾನದ ಹಂತ ಪ್ರೋಟಾನನ್ನು ಹೊರಗೆ ಸಾಗಿಸುವುದು. ನೀರಿನ ಅಣುಗಳ ಸಾಲಿನ ಮೂಲಕ ಅದು 64ನೆಯ ಸ್ಥಾನದಲ್ಲಿರುವ ಹಿಸ್ಟಿಡಿನ್‌ಗೆ ತಲುಪಬೇಕು.

ಪ್ರಯೋಗದಿಂದಲೇ ಇದನ್ನು ನೋಡಬಾರದೇ ಎಂದು ಕೇಳಬಹುದು. ಎಕ್ಸ್-ರೇ ಚಿತ್ರ ಪರಮಾಣುಗಳು ನಿಂತ ಜಾಗ ಹೇಳುತ್ತದೆ. ಬಂಧ ಮುರಿಯುವ ಕ್ಷಣ ಅದಕ್ಕೆ ಸಿಗದು. ಅಲ್ಲಿ ಲೆಕ್ಕ ನೆರವಾಗುತ್ತದೆ. ಸತುವಿನ ಸುತ್ತಲಿನ ಕೆಲವೇ ಪರಮಾಣುಗಳಿಗೆ ಕ್ವಾಂಟಮ್ ಲೆಕ್ಕ, ಉಳಿದ ಪ್ರೋಟೀನಿಗೂ ನೀರಿಗೂ ಸರಳ ಸೂತ್ರಗಳು. ಈ ಬೆರಕೆ ವಿಧಾನವೇ ಕ್ಯೂಎಮ್/ಎಮ್ಎಮ್. ವಾರ್ಷೆಲ್ ಮತ್ತು ಲೆವಿಟ್ 1976ರಲ್ಲಿ ಇದಕ್ಕೆ ಅಡಿಪಾಯ ಹಾಕಿದರು. 2013ರಲ್ಲಿ ಕಾರ್ಪ್ಲಸ್ ಜೊತೆ ನೊಬೆಲ್ ಪಡೆದರು.

ಒಂದು ಎಚ್ಚರಿಕೆ. ಸತುವಿಗೆ ಅಂಟಿಕೊಂಡ ಬೈಕಾರ್ಬನೇಟ್ ಹೇಗೆ ಮರುಜೋಡಣೆಯಾಗುತ್ತದೆ ಎಂಬುದಕ್ಕೆ ಎರಡು ವಿವರಣೆಗಳಿವೆ. ಬೈಕಾರ್ಬನೇಟಿನ ಒಂದು ಆಮ್ಲಜನಕದಿಂದ ಇನ್ನೊಂದಕ್ಕೆ ಪ್ರೋಟಾನು ಜಿಗಿಯುತ್ತದೆಂಬುದು ಲಿಪ್ಸ್‌ಕೋಂಬ್ ಮಾರ್ಗ; ಜಿಗಿತವಿಲ್ಲದೆ ಅಣುವೇ ತಿರುಗುತ್ತದೆಂಬುದು ಲಿಂಡ್‌ಸ್ಕೋಗ್ ಮಾರ್ಗ. ನೇರ ಜಿಗಿತಕ್ಕೆ ಶಕ್ತಿತಡೆ, ಅಂದರೆ ದಾಟಬೇಕಾದ ಶಕ್ತಿ, ಹೆಚ್ಚು. ಮಾದರಿಗೆ ಒಂದು ನೀರು ಸೇರಿಸಿದರೆ ಅದು ಇಳಿಯುತ್ತದೆ. ಹಾಗಾಗಿ ಎಷ್ಟು ನೀರಿತ್ತೆಂದು ಹೇಳದ ಶಕ್ತಿತಡೆಯ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಖರ್ಚೆಷ್ಟು? ಕಿಣ್ವದ ರಚನೆ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 2ಸಿಬಿಎ ಎಂಬ ಗುರುತಿನಡಿ ಉಚಿತ. ಇಂಥ ಲೆಕ್ಕ ಮಾಡುವ ಸಿಪಿ2ಕೆ ತಂತ್ರಾಂಶವೂ ಉಚಿತ; ಓರ್ಕಾ ಶೈಕ್ಷಣಿಕ ಬಳಕೆಗೆ ಉಚಿತ. ದುಬಾರಿಯಾಗುವುದು ಕಂಪ್ಯೂಟರಿನ ಸಮಯ. ಸಣ್ಣ ಮಾದರಿಗೆ ಮನೆಯ ಕಂಪ್ಯೂಟರ್ ಸಾಕು. ಪೂರ್ಣ ಕಿಣ್ವದ ಚಲನೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರ್ ಬೇಕಾಗುತ್ತದೆ. ನೀವು ಸತು, ಹಿಸ್ಟಿಡಿನ್‌ಗಳ ಬದಲಿಗೆ ಮೂರು ಇಮಿಡಜೋಲ್ ಉಂಗುರ, ಒಂದು ಹೈಡ್ರಾಕ್ಸೈಡ್, ಒಂದು ಇಂಗಾಲದ ಡೈಆಕ್ಸೈಡ್ ಇಟ್ಟುಕೊಂಡು ಶುರುಮಾಡಿ. ಮೊದಲು ಹೊರಗಿನ ನೀರಿಲ್ಲದೆ, ಆಮೇಲೆ ಒಂದು ನೀರಿನ ಅಣು ಸೇರಿಸಿ ಪ್ರೋಟಾನಿನ ಜಿಗಿತಕ್ಕೆ ಲೆಕ್ಕ ಹಾಕಿ, ಎರಡೂ ಶಕ್ತಿತಡೆಗಳನ್ನು ಹೋಲಿಸಿ.