ಹೆರಿಗೆ ಎಲ್ಲಿ? ಮನೆಯಲ್ಲೋ, ನೀರಿನಲ್ಲೋ, ಆಸ್ಪತ್ರೆಯಲ್ಲೋ?

ಪ್ರತಿ ಭಾನುವಾರ ಝುಹರ್ ನಮಾಝ್ ಆದ ಮೇಲೆ ಮಂಡ್ಯದ ನಮ್ಮ ಮೊಹಲ್ಲಾದಲ್ಲಿ ಹೆಂಗಸರಿಗಾಗಿ ಒಂದು ಗಂಟೆಯ ಪಾಠ ನಡೆಸುತ್ತೇನೆ. ಕಳೆದ ವರ್ಷ ಸೂರಃ ಮರ್ಯಮ್‌ನ ಪಾಠವಿದ್ದ ದಿನ, ಎಲ್ಲರೂ ಬುರ್ಖಾ ತೊಟ್ಟು ಹೊರಟರೂ ಮೂವರು ಮಾತ್ರ ಎದ್ದಿರಲಿಲ್ಲ. ಮೂವರೂ ಗರ್ಭಿಣಿಯರು. ಒಬ್ಬಳು ಮಂಡ್ಯದವಳೇ, ಚೊಚ್ಚಲ ಬಸುರಿ. ಇನ್ನೊಬ್ಬಳು ಮದ್ದೂರಿನಿಂದ ಬಸ್ಸಿನಲ್ಲಿ ಬರುವವಳು, ಮೊದಲ ಮಗು ಸಿಸೇರಿಯನ್. ಮೂರನೆಯವಳು ಮಳವಳ್ಳಿ ಕಡೆಯ ಹಳ್ಳಿಗೆ ಕೊಟ್ಟವಳು, ಮೂರು ಮಕ್ಕಳ ತಾಯಿ, ತವರಿಗೆ ಬಂದಿದ್ದಳು.

ಮಳವಳ್ಳಿಯವಳೇ ಮೊದಲು ಬಾಯಿಬಿಟ್ಟಳು. "ಆಪಾ, ಹಝ್ರತ್ ಮರ್ಯಮರು ಖರ್ಜೂರದ ಮರದ ಬುಡದಲ್ಲಿ ಹೆತ್ತರು ಎಂದಿರಿ. ಅವರಿಗೆ ಡಾಕ್ಟರೂ ಇರಲಿಲ್ಲ, ನರ್ಸೂ ಇರಲಿಲ್ಲ. ನಾನು ಮನೆಯಲ್ಲೇ ಹೆತ್ತರೆ ತಪ್ಪೇನು? ಅತ್ತೆಯೂ ಹಾಗೇ ಹೇಳುತ್ತಾರೆ."

ಮಂಡ್ಯದ ಹುಡುಗಿ ನಕ್ಕಳು. "ಕಾಲ ಬುಡದಲ್ಲಿ ನೀರೂ ಇತ್ತಲ್ಲ ಆಪಾ! ಬೆಂಗಳೂರಿನಲ್ಲಿ ನನ್ನ ನಾದಿನಿಯ ಗೆಳತಿ ನೀರಿನ ಟಬ್ಬಿನಲ್ಲೇ ಹೆತ್ತಳಂತೆ. ನೋವೇ ಇಲ್ಲವಂತೆ. ನಾವೂ ಹಾಗೆ ಮಾಡಬಹುದೇ?"

ಮದ್ದೂರಿನವಳು ಮಾತ್ರ ತಲೆ ತಗ್ಗಿಸಿ ಕೇಳಿದಳು: "ನನ್ನನ್ನು ಮೊದಲ ಸಲವೇ ಕೊಯ್ದರು. ಈ ಸಲವೂ ಕೊಯ್ಯಲೇಬೇಕೇ?"

ನಾನು ಮದ್ರಸದಲ್ಲಿ ಓದಿ, ಆಮೇಲೆ ಬಿ.ಎ. ಮಾಡಿದವಳು. ವೈದ್ಯೆಯಲ್ಲ. ತಿಳಿಯದ ವಿಷಯದಲ್ಲಿ ಫತ್ವಾ ಕೊಡುವುದು ಎಷ್ಟು ಅಪಾಯವೋ ಔಷಧ ಹೇಳುವುದೂ ಅಷ್ಟೇ ಅಪಾಯ. ಒಂದು ವಾರ ಸಮಯ ಕೇಳಿದೆ. ಪರಿಚಯದ ಸ್ತ್ರೀರೋಗ ತಜ್ಞೆಯೊಬ್ಬರನ್ನು, ನಿವೃತ್ತ ನರ್ಸಮ್ಮನನ್ನು, ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯನ್ನು ಕಂಡು ಮಾತಾಡಿದೆ, ಓದಿದೆ. ಮುಂದಿನ ಭಾನುವಾರ ಆ ಮೂವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ದಾಯಿಯ ಕಾಲ

ನನ್ನ ನಾನಿ ಒಂಬತ್ತು ಹೆತ್ತವರು. ಎಲ್ಲವೂ ಮನೆಯಲ್ಲೇ, ದಾಯಿಯ ಕೈಯಲ್ಲೇ. ಉಳಿದದ್ದು ಆರು. ಆದರೆ ನಾನಿ ಈ ಕತೆ ಹೇಳುವಾಗ ಆರನ್ನು ಮಾತ್ರ ಎಣಿಸುತ್ತಿದ್ದರು. "ನಾವೆಲ್ಲ ಮನೆಯಲ್ಲೇ ಹೆರಲಿಲ್ಲವೇ?" ಎಂದು ಹಿರಿಯರು ಕೇಳುವಾಗ ನಾವು ನೆನಪಿಡಬೇಕಾದದ್ದು ಇದನ್ನೇ. ಉಳಿದವರು ಕತೆ ಹೇಳುತ್ತಾರೆ, ಹೋದವರು ಹೇಳುವುದಿಲ್ಲ.

ಹಾಗೆಂದು ದಾಯಿಯರನ್ನು ಹೀಗಳೆಯಬಾರದು. ತುಮಕೂರು ಜಿಲ್ಲೆ ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮನವರು ಒಂದು ಕಾಸೂ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎತ್ತ ಇದೆಯೆಂದು ಹೇಳುವ ವಿದ್ಯೆ, ಬೇನೆ ತಿನ್ನುವವಳ ಬೆನ್ನು ಸವರುವ ತಾಳ್ಮೆ, ಅವಸರವಿಲ್ಲದ ಮಾತು, ಇವೆಲ್ಲ ಅವರಂಥವರ ಆಸ್ತಿ. ಆದರೆ ಎಷ್ಟೇ ನುರಿತ ಸೂಲಗಿತ್ತಿಯ ಚೀಲದಲ್ಲೂ ರಕ್ತದ ಬಾಟಲಿ ಇರುವುದಿಲ್ಲ. ಆಪರೇಷನ್ ಕೋಣೆಯನ್ನು ಹೊತ್ತು ತರಲು ಅವರಿಂದಾಗದು.

ಲೆಕ್ಕ ನೋಡಿ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿದ್ದವು. 2019-21ರ ಸಮೀಕ್ಷೆಯಲ್ಲಿ ಅದು 97ಕ್ಕೆ ಏರಿತು. 2004-06ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು, 2018-20ರಲ್ಲಿ 69. ಇದೆಲ್ಲ ಆಸ್ಪತ್ರೆಯೊಂದರಿಂದಲೇ ಆಯಿತೆಂದಲ್ಲ. ಊಟ, ಓದು, ರಸ್ತೆ, ಮದುವೆಯ ವಯಸ್ಸು ಎಲ್ಲವೂ ಸೇರಿವೆ. ಆದರೆ ಆಸ್ಪತ್ರೆಯ ಪಾಲು ದೊಡ್ಡದು.

ಎರಡು ಗಂಟೆಯ ಲೆಕ್ಕ

ಮನೆಯ ಹೆರಿಗೆಯಲ್ಲಿ ಭಯ ಯಾವುದು? ನರ್ಸಮ್ಮ ಒಂದೇ ಮಾತಿನಲ್ಲಿ ಹೇಳಿದರು: "ಮಗು ಬಂದ ಮೇಲಿನ ರಕ್ತ." ಮಗು ಹುಟ್ಟಿ, ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿಯಾಗಬೇಕು. ಬಿಗಿಯಾಗದಿದ್ದರೆ ರಕ್ತ ನಿಲ್ಲದು. ಅರ್ಧ ಲೀಟರ್ ದಾಟಿದರೆ ಅಪಾಯ, ತಡೆಯದಿದ್ದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ಆಸ್ಪತ್ರೆಯಲ್ಲಾದರೆ ಮಗು ಹೊರಬಂದ ಕೂಡಲೇ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ. ಮೂರು-ನಾಲ್ಕು ಹೆತ್ತವಳ ಗರ್ಭಕೋಶ ಸಡಿಲವಾಗಿರುವ ಸಾಧ್ಯತೆ ಹೆಚ್ಚು. "ಮೂರೂ ಸಲೀಸಾಗಿ ಆಯಿತು, ನಾಲ್ಕನೆಯದಕ್ಕೆ ಆಸ್ಪತ್ರೆ ಯಾಕೆ" ಎನ್ನುವುದು ಆದ್ದರಿಂದಲೇ ತಿರುಗುಮುರುಗಾದ ತರ್ಕ. ಜೊತೆಗೆ ರಕ್ತಹೀನತೆ ಬೇರೆ. ಕರ್ನಾಟಕದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತ ಕಡಿಮೆ. ಮೊದಲೇ ಬರಿದಾದ ಕೊಡದಿಂದ ಇನ್ನಷ್ಟು ಸೋರಿದರೆ ಉಳಿಯುವುದೇನು?

ಮಳವಳ್ಳಿಯಿಂದ ಮಂಡ್ಯಕ್ಕೆ ಮೂವತ್ತೈದು ಕಿಲೋಮೀಟರಿಗೂ ಹೆಚ್ಚು. ಹಳ್ಳಿಯಿಂದ ಮಳವಳ್ಳಿಗೆ ಬರುವ ದಾರಿ ಬೇರೆ. ರಾತ್ರಿ ಹೊತ್ತು ವಾಹನ ಹುಡುಕಿ ಹೊರಡುವಷ್ಟರಲ್ಲಿ ಆ ಎರಡು ಗಂಟೆಯಲ್ಲಿ ಎಷ್ಟು ಉಳಿದಿರುತ್ತದೆ?

ವಿದೇಶಗಳಲ್ಲಿ ಮನೆಯಲ್ಲೇ ಹೆರುತ್ತಾರಲ್ಲ ಎಂಬ ಮಾತೂ ಬಂತು. ನಿಜ, ಹಾಲೆಂಡ್, ಇಂಗ್ಲೆಂಡ್‌ಗಳಲ್ಲಿ ಆ ಪದ್ಧತಿ ಇದೆ. ಆದರೆ ಅಲ್ಲಿ ಪರೀಕ್ಷೆ ಮಾಡಿ ಅಪಾಯವಿಲ್ಲದವರನ್ನು ಆರಿಸುತ್ತಾರೆ, ತರಬೇತಾದ ಸೂಲಗಿತ್ತಿ ಔಷಧಗಳೊಂದಿಗೆ ಬರುತ್ತಾಳೆ, ಆಂಬುಲೆನ್ಸ್ ವ್ಯವಸ್ಥೆ ಸಿದ್ಧವಿರುತ್ತದೆ. ಹಾಗಿದ್ದೂ 2011ರಲ್ಲಿ ಇಂಗ್ಲೆಂಡಿನಲ್ಲಿ 64,000ಕ್ಕೂ ಹೆಚ್ಚು ಹೆರಿಗೆಗಳ ಅಧ್ಯಯನ ಪ್ರಕಟವಾದಾಗ, ಮನೆಯಲ್ಲಿ ಹೆರಲು ಹೊರಟ ಚೊಚ್ಚಲ ಗರ್ಭಿಣಿಯರಲ್ಲಿ ನೂರಕ್ಕೆ 45 ಮಂದಿಯನ್ನು ನಡುವೆಯೇ ಆಸ್ಪತ್ರೆಗೆ ಸಾಗಿಸಬೇಕಾಯಿತೆಂದು ತಿಳಿದುಬಂತು. ಅವರ ಮನೆಯ ಹೆರಿಗೆ ಎಂದರೆ ಅರ್ಧ ಆಸ್ಪತ್ರೆಯೇ ಮನೆಗೆ ಬಂದಂತೆ. ನಮ್ಮದು ಹಾಗಲ್ಲ.

ತವಕ್ಕುಲ್ ಎಂದರೆ ಇದೇನಾ?

2025ರ ಏಪ್ರಿಲ್‌ನಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ನಮ್ಮ ಸಮುದಾಯದ ಸಹೋದರಿಯೊಬ್ಬಳು ಐದನೇ ಮಗುವನ್ನು ಮನೆಯಲ್ಲಿ ಹೆತ್ತು, ರಕ್ತಸ್ರಾವದಿಂದ ಪ್ರಾಣಬಿಟ್ಟಳು. ಪತಿಯನ್ನು ಪೊಲೀಸರು ಬಂಧಿಸಿದರು. ಇದು ನಮ್ಮವರದೊಂದೇ ರೋಗವಲ್ಲ. 2018ರಲ್ಲಿ ತಮಿಳುನಾಡಿನ ತಿರುಪ್ಪೂರಿನಲ್ಲಿ ವೀಡಿಯೊ ನೋಡಿ ಮನೆಯಲ್ಲಿ ಹೆರಿಗೆ ಮಾಡಿಸಲು ಹೋಗಿ ಯುವತಿಯೊಬ್ಬಳು ಸತ್ತ ಸುದ್ದಿಯನ್ನೂ ಓದಿದ್ದೇವೆ. ಆದರೆ ನಮ್ಮಲ್ಲಿ ಈ ಹಟಕ್ಕೆ ದೀನಿನ ಹೆಸರು ಅಂಟಿಸುವವರಿದ್ದಾರೆ. ಆದ್ದರಿಂದ ಉತ್ತರಿಸುವ ಹೊಣೆಯೂ ನಮ್ಮದೇ.

ಅಲ್ಲಾಹನ ಮೇಲೆ ಭರವಸೆ ಇಡುವುದೆಂದರೆ ಕೈಕಟ್ಟಿ ಕೂರುವುದಲ್ಲ. ಒಂಟೆಯನ್ನು ಮೊದಲು ಕಟ್ಟಿಹಾಕಬೇಕೆಂಬ ಹದೀಸ್ ನಮ್ಮ ಪುಟ್ಟ ಮಕ್ಕಳಿಗೂ ಗೊತ್ತು. ಒಂಟೆಗೇ ಹಗ್ಗ ಬೇಕಾದರೆ ಸೊಸೆಗೆ ಆಸ್ಪತ್ರೆ ಬೇಡವೇ? ಹಝ್ರತ್ ಮರ್ಯಮರಿಗೆ ಬೇರೆ ದಾರಿ ಇರಲಿಲ್ಲ. ಅವರು ನೋವಿನಲ್ಲಿ ಒಂಟಿಯಾಗಿ ನರಳಿದರು, ಇದಕ್ಕಿಂತ ಮೊದಲೇ ಸತ್ತಿದ್ದರೆ ಚೆನ್ನಾಗಿತ್ತೆಂದು ಹಂಬಲಿಸಿದರು. ಆಗ ಅಲ್ಲಾಹನು ಕುಡಿಯಲು ನೀರು, ತಿನ್ನಲು ಖರ್ಜೂರ, ಕೇಳಲು ಸಾಂತ್ವನದ ಮಾತು ಕೊಟ್ಟನು. ಮರವನ್ನು ಅಲುಗಿಸುವ ಕೆಲಸವನ್ನು ಮಾತ್ರ ಆ ಸ್ಥಿತಿಯಲ್ಲೂ ಅವರಿಗೇ ಬಿಟ್ಟನು. ಹೆರುವವಳನ್ನು ಒಂಟಿಯಾಗಿ ಬಿಡಬೇಡಿ, ಅವಳಿಗೆ ಅನ್ನ, ನೀರು, ಧೈರ್ಯ ಕೊಡಿ ಎನ್ನುವುದೇ ಅಲ್ಲಿನ ಪಾಠ.

ಹೆರಿಗೆಯಲ್ಲಿ ಸತ್ತವಳಿಗೆ ಶಹಾದತ್ತಿನ ದರ್ಜೆ ಇದೆಯೆಂಬ ಹದೀಸನ್ನೂ ಕೆಲವರು ಮುಂದೆ ಮಾಡುತ್ತಾರೆ. ಅದು ಎಲ್ಲ ಪ್ರಯತ್ನ ಮಾಡಿಯೂ ಕಳೆದುಕೊಂಡ ಮನೆಯವರಿಗೆ ಸಮಾಧಾನ. ಪ್ರಯತ್ನವನ್ನೇ ಮಾಡದವರಿಗೆ ಪರವಾನಗಿ ಅಲ್ಲ.

ಪರ್ದಾದ ಮಾತಿಗೆ ಬೆಲೆ ಇದೆ. ವೈದ್ಯೆ ಸಿಗುವಲ್ಲಿ ವೈದ್ಯೆಯ ಬಳಿಯೇ ಹೋಗಿ, ಮೊದಲೇ ಕೇಳಿಟ್ಟುಕೊಳ್ಳಿ. ಆ ಹೊತ್ತಿಗೆ ಗಂಡಸು ವೈದ್ಯರೊಬ್ಬರೇ ಇದ್ದರೆ, ಜೀವದ ಪ್ರಶ್ನೆ ಬಂದಾಗ ಶರೀಅತ್ ದಾರಿ ತೆರೆದಿದೆ ಎಂದು ಫಿಕ್ಹ್ ಓದಿದ ಎಲ್ಲರೂ ಬಲ್ಲರು. ಇಷ್ಟಕ್ಕೂ ಪರ್ದಾದ ಚಿಂತೆ ನಿಜವಾಗಿದ್ದರೆ ನಮ್ಮ ಹೆಣ್ಣುಮಕ್ಕಳನ್ನು ಏಳನೇ ತರಗತಿಗೆ ಬಿಡಿಸದೆ ವೈದ್ಯೆಯರನ್ನಾಗಿ, ನರ್ಸುಗಳನ್ನಾಗಿ ಓದಿಸಬೇಕಲ್ಲವೇ?

ನೀರಿನ ಹೆರಿಗೆ

ಇದು ಹೊಸ ಮೋಜೇನೂ ಅಲ್ಲ. ಫ್ರಾನ್ಸಿನ ಪಿಥಿವಿಯೆ ಎಂಬ ಊರಿನ ಆಸ್ಪತ್ರೆಯಲ್ಲಿ ಡಾ. ಮಿಶೆಲ್ ಒಡೆಂಟ್ ಅವರು 1970ರ ದಶಕದಲ್ಲೇ ಬೇನೆ ತಿನ್ನುವವರನ್ನು ಬೆಚ್ಚಗಿನ ನೀರಿನ ಕೊಳದಲ್ಲಿ ಕೂರಿಸತೊಡಗಿದ್ದರು. ನೀರು ಮೈಶಾಖದಷ್ಟೇ, ಸುಮಾರು 37 ಡಿಗ್ರಿ. ಸೊಂಟ ಹಗುರವಾಗುತ್ತದೆ, ನೋವು ತಗ್ಗುತ್ತದೆ. ನೋವೇ ಇಲ್ಲ ಎನ್ನುವುದು ಮಾತ್ರ ಅತಿಶಯೋಕ್ತಿ.

ಮಗುವನ್ನೂ ನೀರಿನಲ್ಲೇ ಹೆರಬಹುದೇ ಎಂಬಲ್ಲಿ ತಜ್ಞರಲ್ಲೇ ಭೇದವಿದೆ. ಬೇನೆಯ ಮೊದಲ ಹಂತಕ್ಕೆ ನೀರು ಒಳ್ಳೆಯದು, ಮಗು ಹುಟ್ಟುವುದು ಮಾತ್ರ ನೀರಿನ ಹೊರಗಾಗಲಿ ಎಂದು ಅಮೆರಿಕದ ಸ್ತ್ರೀರೋಗ ತಜ್ಞರ ಸಂಸ್ಥೆ 2016ರಲ್ಲಿ ಹೇಳಿತು. 2024ರಲ್ಲಿ ಬ್ರಿಟನ್ನಿನಲ್ಲಿ 73,000ಕ್ಕೂ ಹೆಚ್ಚು ಸ್ತ್ರೀಯರ ಅಧ್ಯಯನವೊಂದು, ಅಪಾಯವಿಲ್ಲದ ಗರ್ಭಿಣಿಯರಿಗೆ ನುರಿತ ಸೂಲಗಿತ್ತಿಯರು ಜೊತೆಗಿದ್ದರೆ ನೀರಿನ ಹೆರಿಗೆ ಹೊರಗಿನಷ್ಟೇ ಸುರಕ್ಷಿತ ಎಂದಿತು. ಎರಡಕ್ಕೂ ಷರತ್ತು ಒಂದೇ: ತಿಂಗಳು ತುಂಬಿರಬೇಕು, ಒಂದೇ ಮಗುವಿದ್ದು ತಲೆ ಕೆಳಗಿರಬೇಕು, ಬಿ.ಪಿ. ಏರಿರಬಾರದು, ನೀರು ಶುದ್ಧವಿರಬೇಕು, ಪಕ್ಕದಲ್ಲೇ ಆಪರೇಷನ್ ವ್ಯವಸ್ಥೆ ಸಿಗುವಂತಿರಬೇಕು. ಮನೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಮಾಡುವ ಕೆಲಸವಲ್ಲ. ಹೊಕ್ಕುಳಬಳ್ಳಿ ಹರಿಯಬಹುದು, ಮಗು ನೀರೆಳೆದುಕೊಳ್ಳಬಹುದು, ನಂಜಾಗಬಹುದು. ಬೆಂಗಳೂರಿನ ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ಈ ಸೌಲಭ್ಯವಿದೆ, ಖರ್ಚು ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ.

ಆದರೆ ನಮ್ಮ ಅಜ್ಜಿಯರು ಬೇನೆ ಬಂದವಳ ಸೊಂಟಕ್ಕೆ ಬಿಸಿನೀರು ಹುಯ್ಯುತ್ತಿರಲಿಲ್ಲವೇ? ನೀರಿನ ಹೆರಿಗೆಯಲ್ಲಿ ಎಲ್ಲರೂ ಒಪ್ಪುವ ಲಾಭ ಅದೇ. ಅದಕ್ಕೆ ಲಕ್ಷ ರೂಪಾಯಿ ಬೇಡ. ಡಾಕ್ಟರು ಒಪ್ಪಿದರೆ ಬೇನೆಯ ಆರಂಭದಲ್ಲಿ ಒಂದು ಬಕೆಟ್ ಹದವಾದ ಬಿಸಿನೀರು ಸಾಕು.

ಆಸ್ಪತ್ರೆಯ ದೂರುಗಳು

ಹೆಂಗಸರು ಆಸ್ಪತ್ರೆಗೆ ಹೆದರುವುದಕ್ಕೆ ಕಾರಣವಿಲ್ಲದಿಲ್ಲ. ನನ್ನ ಮೊದಲ ಹೆರಿಗೆಯಲ್ಲಿ ಒಂದು ಆಸ್ಪತ್ರೆಯ ಆಯಾ, ನಾನು ನೋವಿಗೆ ಕಿರುಚಿದ್ದಕ್ಕೆ ಆಡಿದ ಮಾತನ್ನು ಇಂದಿಗೂ ಬರೆಯಲಾರೆ. ಅಮ್ಮಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಆ ಅವಮಾನ ಹೆರಿಗೆ ನೋವಿಗಿಂತ ಹೆಚ್ಚು ದಿನ ಉಳಿಯಿತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬೊಬ್ಬರಾಗಿ ಸತ್ತಾಗ ನಾಡೇ ಬೆಚ್ಚಿತ್ತು. ಕೊಯ್ಯುವ ಅವಸರವೂ ಸುಳ್ಳಲ್ಲ. 2019-21ರ ಸಮೀಕ್ಷೆಯಂತೆ ರಾಜ್ಯದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು.

ಇದಕ್ಕೆ ಪರಿಹಾರ ಮನೆಗೆ ಓಡುವುದಲ್ಲ, ಆಸ್ಪತ್ರೆಯಲ್ಲಿ ನಮ್ಮ ಹಕ್ಕು ಕೇಳುವುದು. ಸರಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸಿರಲು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಒಪ್ಪಿದೆ. ಬೇನೆಯಲ್ಲಿ ಓಡಾಡಲು, ಕುಳಿತೋ ಮಗ್ಗುಲಾಗಿಯೋ ಹೆರಲು, ಕಾರಣವಿಲ್ಲದೆ ಕೊಯ್ದು ಹೊಲಿಗೆ ಹಾಕಿಸಿಕೊಳ್ಳದಿರಲು ಅವಕಾಶವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಮೊದಲು ಸಿಸೇರಿಯನ್ ಆದವರಲ್ಲೂ ಹಲವರಿಗೆ ಸಹಜ ಹೆರಿಗೆ ಸಾಧ್ಯ. ಆದರೆ ಹಳೆಯ ಗಾಯ ಬಿರಿಯುವ ಸಣ್ಣ ಅಪಾಯವಿರುವುದರಿಂದ ರಕ್ತ ಮತ್ತು ಆಪರೇಷನ್ ಸೌಲಭ್ಯವಿರುವಲ್ಲೇ ಅದಾಗಬೇಕು. ಹಿಂದಿನ ಆಸ್ಪತ್ರೆಯ ಚೀಟಿ ಜೋಪಾನವಾಗಿಟ್ಟು ತೋರಿಸಿ.

ಈಗಲೇ ಮಾಡಬೇಕಾದ್ದು

ತಾಯಿ ಕಾರ್ಡ್ ಮಾಡಿಸಿ, ಕನಿಷ್ಠ ನಾಲ್ಕು ಸಲ ತಪಾಸಣೆ ಮಾಡಿಸಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆಯಿದೆ. ರಕ್ತ 11 ಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ ಬಿಡಬೇಡಿ. ನಿಮ್ಮ ರಕ್ತದ ಗುಂಪು ಮನೆಯವರಿಗೆಲ್ಲ ಗೊತ್ತಿರಲಿ, ರಕ್ತ ಕೊಡುವ ಇಬ್ಬರು ಗುರುತಾಗಿರಲಿ. ತಲೆನೋವು, ಕಣ್ಣು ಮಂಜು, ಮುಖ ಊತ, ರಕ್ತ, ಜ್ವರ, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ. 108ಕ್ಕೆ ಕರೆ ಉಚಿತ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಊಟ, ಮನೆಗೆ ವಾಹನ ಎಲ್ಲವೂ ಉಚಿತ. ಸಹಜವಿದ್ದರೆ ಮದ್ದೂರು, ಮಳವಳ್ಳಿಯ ತಾಲೂಕು ಆಸ್ಪತ್ರೆ ಸಾಕು, ತೊಡಕಿದ್ದರೆ ಮೊದಲೇ ಮಂಡ್ಯದ ಮಿಮ್ಸ್‌ಗೆ ಬರುವುದು ಮೇಲು. ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ, ಗಿಣ್ಣುಹಾಲನ್ನು ಚೆಲ್ಲಬೇಡಿ.

ಆ ಮೂವರು ಏನಾದರು?

ಮಂಡ್ಯದ ಹುಡುಗಿ ಮನೆಯಲ್ಲಿ ಸೊಂಟಕ್ಕೆ ಬಿಸಿನೀರು ಹುಯ್ಯಿಸಿಕೊಂಡು ಆಸ್ಪತ್ರೆಗೆ ಹೋಗಿ, ಅಮ್ಮಿಯ ಕೈಹಿಡಿದು ಹೆತ್ತಳು. ಮದ್ದೂರಿನವಳು ಹತ್ತು ಗಂಟೆ ಬೇನೆ ತಿಂದಳು, ಕೊನೆಗೆ ಮಗುವಿನ ಹೃದಯದ ಬಡಿತ ಇಳಿದಾಗ ಕೊಯ್ಯಬೇಕಾಯಿತು. ಆದರೂ ಅವಳಿಗೆ ಬೇಸರವಿಲ್ಲ. "ಈ ಸಲ ಯಾಕೆಂದು ಹೇಳಿದರು ಆಪಾ, ನನ್ನನ್ನು ಕೇಳಿದರು" ಎಂದಳು.

ಮಳವಳ್ಳಿಯವಳ ಅತ್ತೆಯನ್ನು ಒಪ್ಪಿಸಲು ನಾನೇ ಹೋಗಿದ್ದೆ. ಅರೆಮನಸ್ಸಿನಿಂದ ತಾಲೂಕು ಆಸ್ಪತ್ರೆಗೆ ಕರೆತಂದರು. ಮಗು ಸಲೀಸಾಗಿ ಬಂತು. ಆಮೇಲೆ ರಕ್ತ ನಿಲ್ಲಲಿಲ್ಲ. ಅಲ್ಲೇ ಚುಚ್ಚುಮದ್ದು ಕೊಟ್ಟು, ಗ್ಲೂಕೋಸ್ ಹಾಕಿ, 108ರಲ್ಲಿ ಮಂಡ್ಯಕ್ಕೆ ಕಳಿಸಿದರು. ಎರಡು ಬಾಟಲಿ ರಕ್ತ ಬೇಕಾಯಿತು. ಬೆಳಗಿನ ಜಾವ ವಾರ್ಡಿನ ಹೊರಗೆ ತಸ್ಬೀಹ್ ಹಿಡಿದು ಕೂತಿದ್ದ ಆ ಅತ್ತೆ ನನ್ನನ್ನು ಕಂಡು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನನ್ನ ದೊಡ್ಡ ಅಕ್ಕನೂ ಹೀಗೇ ಹೋದಳು. ಆಗ ಹಣೆಬರಹ ಎಂದುಕೊಂಡಿದ್ದೆವು" ಎಂದರು.

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎನ್ನುತ್ತಾರೆ. ಆ ಮರುಹುಟ್ಟು ನಮ್ಮ ಮನೆಯ ಪ್ರತಿ ಸೊಸೆಗೆ, ಪ್ರತಿ ಮಗಳಿಗೆ ದೊರಕಲಿ. ಅಲ್ಲಾಹನು ಅದಕ್ಕೆ ಬೇಕಾದ ವಿವೇಕವನ್ನು ನಮಗೆ ಕೊಡಲಿ. ಆಮೀನ್.