ಗರಗಸ ನೊಣದ ಹುಳು: ಗುಂಪಾಗಿ ಬಾಳುವ ಎಲೆಭಕ್ಷಕ

ಮಳೆ ಹಿಂದೆ ಸರಿದು, ಕಾಫಿ ಕೊಯ್ಲಿಗೆ ಇನ್ನೂ ಕೆಲವು ವಾರಗಳಿರುವಾಗ ನಮ್ಮ ಬೆಳೆಗಾರರ ಮನೆಗಳಲ್ಲಿ ಹಿತ್ತಿಲ ತರಕಾರಿಯ ಕೆಲಸ ಆರಂಭವಾಗುವುದು ವಾಡಿಕೆ. ಎರಡು ಮಡಿ ಮೂಲಂಗಿ, ಒಂದಿಷ್ಟು ಕೋಸು, ಬದಿಯಲ್ಲಿ ಸಾಸಿವೆ. ಬೀಜ ಮೊಳೆತು ನಾಲ್ಕೈದು ಎಲೆ ಬರುವಷ್ಟರಲ್ಲಿ ಒಂದು ದಿನ ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ತೂತು. ಕೆಲವು ಎಲೆಗಳು ಅಂಚಿನಿಂದ ನಡುನರದವರೆಗೂ ಖಾಲಿ. ಎಲೆಯ ಮೇಲೆ ಮೂರರಿಂದ ಆರು ಕಪ್ಪುಹಸಿರು ಬಣ್ಣದ, ಸುಕ್ಕುಸುಕ್ಕಾದ ಹುಳುಗಳು ಒಟ್ಟಿಗೆ ಕುಳಿತು ಮೇಯುತ್ತಿರುತ್ತವೆ. ಕೈ ತಾಗಿದೊಡನೆ ಸುರುಳಿ ಸುತ್ತಿಕೊಂಡು ನೆಲಕ್ಕೆ ಬಿದ್ದು ಸತ್ತಂತೆ ನಟಿಸುತ್ತವೆ.

ಕಳೆದ ವರ್ಷ ನಮ್ಮ ಹಿತ್ತಿಲಿನಲ್ಲಿಯೂ ಹೀಗೆಯೇ ಆಯಿತು. ಸೊಪ್ಪು ತಿನ್ನುವ ಪದಾರ್ಥವಾದ್ದರಿಂದ ವಿಷದ ಔಷಧಿ ಬೇಡವೆಂದು, ಕೀಡೆಗಳಿಗೆ ಹೊಡೆಯುವ ಬಿ.ಟಿ. ಎಂಬ ಜೈವಿಕ ಔಷಧಿಯನ್ನು ತಂದು ಎರಡು ಸಲ ಹೊಡೆದದ್ದಾಯಿತು. ಹುಳುಗಳು ಏನೂ ಆಗದಂತೆ ತಿನ್ನುತ್ತಲೇ ಇದ್ದವು. ಔಷಧಿ ಹಳೆಯದಿರಬೇಕೆಂದು ಮಾರಿದವರ ಮೇಲೆ ಸಿಟ್ಟು ಬಂದದ್ದೂ ನಿಜ. ಆದರೆ ತಪ್ಪು ಔಷಧಿಯದಾಗಿರಲಿಲ್ಲ, ಮಾರಿದವರದೂ ಆಗಿರಲಿಲ್ಲ. ಹುಳು ಯಾವುದೆಂದು ನೋಡದೆ ಔಷಧಿ ಕೊಂಡವನದು.

ಏಕೆಂದರೆ ಅದು ಚಿಟ್ಟೆಯ ಮರಿಯೂ ಅಲ್ಲ, ಪತಂಗದ ಮರಿಯೂ ಅಲ್ಲ. ಅದು ಸಾಸಿವೆಯ ಗರಗಸ ನೊಣದ ಮರಿಹುಳು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಕಾಯಿಕೊರಕವನ್ನು ಹೇಗೆ ಕೊಲ್ಲುವುದಿಲ್ಲವೋ, ಹಾಗೆಯೇ ಚಿಟ್ಟೆ ಪತಂಗಗಳ ಮರಿಗಳಿಗಾಗಿ ಮಾರುವ ಬಿ.ಟಿ. ಈ ಹುಳುವನ್ನು ಕೊಲ್ಲುವುದಿಲ್ಲ.

ಜೇನಿನ ಕುಲದವಳು

ಗರಗಸ ನೊಣ ಎಂದು ಕರೆದರೂ ಇದು ನೊಣವಲ್ಲ. ಜೇನು, ಇರುವೆ, ಕಣಜ ಇವು ಸೇರಿದ ದೊಡ್ಡ ಕುಲದ ಅತ್ಯಂತ ಹಳೆಯ ಶಾಖೆ ಇದು. ಕಣಜಕ್ಕಿರುವ ಸಣ್ಣ ನಡು ಇದಕ್ಕಿಲ್ಲ. ಎದೆಗೂ ಹೊಟ್ಟೆಗೂ ನಡುವೆ ದೇಹ ಒಂದೇ ಸಮನಾಗಿರುತ್ತದೆ. ಕುಟುಕುವ ಮುಳ್ಳೂ ಇಲ್ಲ. ಅದರ ಬದಲಾಗಿ ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಹಲ್ಲುಗಳಿರುವ ಒಂದು ಸಣ್ಣ ಗರಗಸವಿದೆ. ಅದರಿಂದ ಎಲೆಯ ಅಂಚನ್ನು ಸೀಳಿ, ಒಳಗೆ ಮೊಟ್ಟೆ ಇಡುತ್ತದೆ. ಹೆಸರು ಬಂದದ್ದು ಇದರಿಂದಲೇ. ತುಡುವೆ ಸಾಕಿದವರಿಗೆ ಗೊತ್ತಿರುವ ಒಂದು ಸಂಗತಿ ಇಲ್ಲಿಯೂ ಉಂಟು: ಗಂಡಿನ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆಯಿಂದ ಸಾಮಾನ್ಯವಾಗಿ ಗಂಡು ಹುಟ್ಟುತ್ತದೆ.

ಸಾಸಿವೆಯ ಗರಗಸ ನೊಣ ಕಿತ್ತಳೆ ಹಳದಿ ಮೈ, ಹೊಗೆ ಬಣ್ಣದ ರೆಕ್ಕೆಯ ಸಣ್ಣ ಕೀಟ. ಅದು ಬದುಕುವುದು ಕೆಲವೇ ದಿನ, ಮತ್ತು ಅದರಿಂದ ಬೆಳೆಗೆ ಹಾನಿಯಿಲ್ಲ. ಹಾನಿಯೆಲ್ಲ ಮರಿಹುಳುವಿನದೇ. ಅದು ಮೇಯುವುದು ಬೆಳಿಗ್ಗೆ ಮತ್ತು ಸಂಜೆ. ಬಿಸಿಲೇರಿದ ಮೇಲೆ ಅಡಗಿಕೊಳ್ಳುತ್ತದೆ. ಮಧ್ಯಾಹ್ನ ಹೋಗಿ ನೋಡಿದವರಿಗೆ ತೂತು ಕಾಣುತ್ತದೆ, ಹುಳು ಕಾಣುವುದಿಲ್ಲ. ಚೆನ್ನಾಗಿ ಬೆಳೆದ ಹುಳು ಮಣ್ಣಿಗಿಳಿದು, ನೀರು ಒಳನುಗ್ಗದಂಥ ಗೂಡು ಕಟ್ಟಿಕೊಂಡು ಕೋಶವಾಗುತ್ತದೆ. ಮೊಟ್ಟೆಯಿಂದ ನೊಣವಾಗಲು ಒಂದು ತಿಂಗಳಿಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅಕ್ಟೋಬರಿನಿಂದ ಮಾರ್ಚಿಯೊಳಗೆ ಎರಡು ಮೂರು ಪೀಳಿಗೆ ಆಗಬಹುದು.

ಕಾಲೆಣಿಸಿ ನೋಡಿ

ಇದನ್ನು ಗುರುತಿಸಲು ಪ್ರಯೋಗಶಾಲೆ ಬೇಕಿಲ್ಲ. ಒಂದು ಹುಳುವನ್ನು ಎಲೆಸಮೇತ ತೆಗೆದು ಬೆಳಕಿಗೆ ಹಿಡಿಯಿರಿ. ಎದೆಯ ಭಾಗದಲ್ಲಿ ಮೂರು ಜೋಡಿ ನಿಜವಾದ ಕಾಲುಗಳು ಎರಡು ಬಗೆಯ ಹುಳುಗಳಿಗೂ ಇರುತ್ತವೆ. ಅದರ ಹಿಂದೆ ಹೊಟ್ಟೆಯ ಕೆಳಗೆ ಇರುವ ಮೆತ್ತನೆಯ ಹುಸಿಗಾಲುಗಳನ್ನು ಎಣಿಸಬೇಕು. ಚಿಟ್ಟೆ ಅಥವಾ ಪತಂಗದ ಮರಿಯಾದರೆ ಹೆಚ್ಚೆಂದರೆ 5 ಜೋಡಿ. ಎಲೆ ತಿನ್ನುವ ಗರಗಸ ನೊಣದ ಮರಿಯಾದರೆ ಸಾಮಾನ್ಯವಾಗಿ 6ರಿಂದ 8 ಜೋಡಿ. ನಮ್ಮ ಮೂಲಂಗಿಯ ಹುಳುವಿಗೆ 8 ಜೋಡಿ. ಹುಸಿಗಾಲು ಇಲ್ಲದ ಕೆಲವು ಜಾತಿಗಳೂ ಬೇರೆ ಕಡೆ ಇವೆ, ಆದರೆ ಹಿತ್ತಿಲಿನ ಕೆಲಸಕ್ಕೆ ಈ ಲೆಕ್ಕ ಸಾಕು. ಭೂತಗನ್ನಡಿ ಇದ್ದವರು ಕಣ್ಣನ್ನೂ ನೋಡಬಹುದು: ಗರಗಸ ನೊಣದ ಮರಿಗೆ ತಲೆಯ ಒಂದೊಂದು ಬದಿಗೆ ಒಂದೇ ದುಂಡು ಕಣ್ಣು, ಪತಂಗದ ಮರಿಗೆ ಅಲ್ಲಿ ಚುಕ್ಕಿಗಳಂತೆ ಹಲವು.

ಗುಂಪೇಕೆ?

ಈ ಕುಟುಂಬದಲ್ಲಿ ನಿಜವಾಗಿಯೂ ಆಶ್ಚರ್ಯಪಡತಕ್ಕದ್ದು ಹುಳುಗಳ ಒಟ್ಟುಬಾಳು. ನಮ್ಮ ಸಾಸಿವೆಯ ಹುಳುವಿನದು ಮೂರು ಆರರ ಸಣ್ಣ ಗುಂಪು. ಹೊರದೇಶಗಳ ಕೆಲವು ಜಾತಿಗಳಲ್ಲಿ ಹತ್ತಾರು ಹುಳುಗಳು ಹುಟ್ಟಿದಂದಿನಿಂದ ಮಣ್ಣಿಗಿಳಿಯುವ ತನಕ ಬಿಟ್ಟಿರುವುದೇ ಇಲ್ಲ. ರಾಣಿಯಿಲ್ಲ, ಕೆಲಸಗಾರರಿಲ್ಲ, ಜೇನಿನಂತೆ ಗೂಡೂ ಇಲ್ಲ. ಹಾಗಾದರೆ ಲಾಭವೇನು?

ಒಂದು ಉತ್ತರ ಉತ್ತರ ಅಮೆರಿಕದ ಪೈನ್ ಮರಗಳಿಂದ ಬಂದಿದೆ. ಪೈನಿನ ಎಲೆ ಸೂಜಿಯಂತೆ, ಅದರ ಸಿಪ್ಪೆ ಬಲು ಗಟ್ಟಿ. ಆಗತಾನೆ ಹೊರಬಂದ ಗರಗಸ ನೊಣದ ಮರಿಯ ದವಡೆಗೆ ಅದನ್ನು ಕಚ್ಚಿ ತೆರೆಯುವುದೇ ಕಷ್ಟ. ಎಲ್ಲ ಮರಿಗಳೂ ಪ್ರಯತ್ನಿಸುತ್ತವೆ, ಹೆಚ್ಚಿನವು ಸೋಲುತ್ತವೆ. ಒಂದು ಮರಿ ಹೇಗೋ ಸಿಪ್ಪೆ ಹರಿದರೆ ಆ ಗಾಯದ ವಾಸನೆಗೆ, ಎಂಜಲಿನ ವಾಸನೆಗೆ ಉಳಿದವು ಬಂದು ಅಲ್ಲಿಯೇ ಸೇರಿಕೊಂಡು ತಿನ್ನುತ್ತವೆ. ಘೆಂಟ್ ಎಂಬ ವಿಜ್ಞಾನಿ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಟಿಯಾಗಿ ಬಿಟ್ಟ ಎಳೆಯ ಮರಿಗಳಲ್ಲಿ ನೂರಕ್ಕೆ ಸುಮಾರು 80 ಸತ್ತರೆ, ಗುಂಪಿನಲ್ಲಿ ಬಿಟ್ಟವುಗಳಲ್ಲಿ ಸತ್ತದ್ದು ಸುಮಾರು 53. ಒಬ್ಬನು ಬಾಗಿಲು ತೆರೆದರೆ ಮನೆಮಂದಿಗೆಲ್ಲ ಊಟ ಎಂಬಂತೆ.

ಇನ್ನೊಂದು ಉತ್ತರಕ್ಕೆ ನಮಗೆಲ್ಲ ಪರಿಚಿತವಾದ ನೀಲಗಿರಿ ಮರದ ತವರಿಗೆ, ಎಂದರೆ ಆಸ್ಟ್ರೇಲಿಯಕ್ಕೆ ಹೋಗಬೇಕು. ಅಲ್ಲಿಯ ನೀಲಗಿರಿಯ ಮೇಲೆ ಪರ್ಗಾ ಎಂಬ ಗರಗಸ ನೊಣವಿದೆ. ಅದರ ಹುಳುಗಳು ಎರಡು ಮೂರು ಅಂಗುಲದವರೆಗೆ ಬೆಳೆಯುತ್ತವೆ. ಹಗಲಿಡೀ ಕೊಂಬೆಯೊಂದರ ಮೇಲೆ ಒಂದರ ಮೇಲೊಂದು ಒತ್ತಿಕೊಂಡು ಮುದ್ದೆಯಾಗಿ ಕುಳಿತಿರುತ್ತವೆ. ಕತ್ತಲಾದ ಮೇಲೆ ಚದುರಿ ಮೇಯಲು ಹೋಗಿ, ಬೆಳಗಾಗುವ ಮುಂಚೆ ಮತ್ತೆ ಒಂದೆಡೆ ಸೇರುತ್ತವೆ. ಮೇಯಲು ಹೊರಡುವಾಗ ಮುಂದಾಗುವ ಹುಳುಗಳು ಕೆಲವು, ಹಿಂಬಾಲಿಸುವವು ಕೆಲವು ಎಂಬುದನ್ನೂ ಅಲ್ಲಿಯ ಸಂಶೋಧಕರು ಗುರುತಿಸಿದ್ದಾರೆ. ಕತ್ತಲೆಯಲ್ಲಿ ಒಂದನ್ನೊಂದು ಹುಡುಕುವ ಕ್ರಮ ಇನ್ನೂ ಸ್ವಾರಸ್ಯದ್ದು. ಹುಳು ತನ್ನ ಹೊಟ್ಟೆಯ ಗಟ್ಟಿ ತುದಿಯಿಂದ ಕೊಂಬೆಯನ್ನು ತಟ್ಟುತ್ತದೆ. ಉಳಿದವು ಆ ಕಂಪನವನ್ನು ತಿಳಿದು ತಾವೂ ತಟ್ಟುತ್ತವೆ. ರಾತ್ರಿ ತೋಟದಲ್ಲಿ ಹಾದಿ ತಪ್ಪಿದವನು ಕೂಗು ಹಾಕಿದರೆ ಮನೆಯವರು ಓಗೊಡುವ ಹಾಗೆ ಎನ್ನೋಣ.

ಮುಟ್ಟಿದರೆ ಇಡೀ ಗುಂಪು ಒಟ್ಟಿಗೆ ತಲೆ ಬಾಲ ಎತ್ತಿ, ಬಾಯಿಂದ ಹಳದಿ ಬಣ್ಣದ ಅಂಟು ದ್ರವವನ್ನು ಹೊರಡಿಸುತ್ತದೆ. ಅದರ ವಾಸನೆ ನಮಗೆ ಹೊಸದಲ್ಲ, ಶೀತಕ್ಕೆ ಹಚ್ಚಿಕೊಳ್ಳುವ ನೀಲಗಿರಿ ಎಣ್ಣೆಯದೇ. ಎಲೆಯಲ್ಲಿರುವ ಎಣ್ಣೆಯನ್ನು ಜೀರ್ಣಿಸದೆ ಗಂಟಲ ಬಳಿಯ ಚೀಲದಲ್ಲಿ ಬೇರೆಯಾಗಿ ಕೂಡಿಟ್ಟು, ವೈರಿ ಬಂದಾಗ ಉಪಯೋಗಿಸುತ್ತವೆ. ಪೈನ್ ಮರದ ಗರಗಸ ನೊಣದ ಹುಳುವೂ ಮರದ ಅಂಟನ್ನು ಹೀಗೆಯೇ ಕೂಡಿಟ್ಟು ಇರುವೆ ಜೇಡಗಳ ಮೇಲೆ ಪ್ರಯೋಗಿಸುವುದನ್ನು ಥಾಮಸ್ ಐಸ್ನರ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿಕೊಟ್ಟರು. ಮರವು ತನ್ನ ರಕ್ಷಣೆಗೆಂದು ಮಾಡಿಕೊಂಡ ವಿಷ, ಅದನ್ನು ತಿನ್ನುವವನ ಆಯುಧವಾಯಿತು. ಒಂದು ಹುಳುವಿನ ಒಂದು ತೊಟ್ಟಿಗೆ ಹಕ್ಕಿ ಹೆದರಲಿಕ್ಕಿಲ್ಲ. ಮೂವತ್ತು ಹುಳುಗಳು ಒಟ್ಟಿಗೆ ಎದ್ದು ನಿಂತರೆ ಮಾತು ಬೇರೆ.

ನಮ್ಮ ಸಾಸಿವೆ ಹುಳುವಿನ ಹತ್ತಿರದ ಬಂಧು ಯುರೋಪಿನಲ್ಲಿದೆ. ಅದು ಸಾಸಿವೆ ಜಾತಿಯ ಗಿಡಗಳ ಖಾರದ ಮೂಲವಸ್ತುವನ್ನು ತನ್ನ ರಕ್ತದಲ್ಲಿ ಸೇರಿಸಿಕೊಂಡಿರುತ್ತದೆ. ಚರ್ಮ ಎಷ್ಟು ತೆಳುವೆಂದರೆ ಇರುವೆ ಕಚ್ಚಿದೊಡನೆ ಹರಿದು ರಕ್ತ ಒಸರುತ್ತದೆ, ಇರುವೆ ಬಿಟ್ಟು ಓಡುತ್ತದೆ.

ದನ ಸಾಕುವವರು ಕೇಳಿರಬೇಕಾದ ವಿಷಯವೂ ಒಂದುಂಟು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ನೀಲಗಿರಿಯ ಇನ್ನೊಂದು ಜಾತಿಯ ಮರದ ಕೆಳಗೆ ರಾಶಿಯಾಗಿ ಬಿದ್ದ ಗರಗಸ ನೊಣದ ಹುಳುಗಳನ್ನು ತಿಂದು ದನಗಳು ಪಿತ್ತಜನಕಾಂಗ ಕೆಟ್ಟು ಸತ್ತಿವೆ. ನಮ್ಮ ಮೂಲಂಗಿಯ ಹುಳು ಆ ಜಾತಿಯದಲ್ಲ.

ಗುಂಪಿನ ನಷ್ಟ

ಒತ್ತಾಗಿ ಬಾಳುವವರಿಗೆ ರೋಗದ ಭಯ ಹೆಚ್ಚು. ಯುರೋಪಿನ ಪೈನ್ ಗರಗಸ ನೊಣ ಅಮೆರಿಕ ಖಂಡಕ್ಕೆ ಹೊಕ್ಕು ಉಪದ್ರವ ಕೊಡುತ್ತಿದ್ದಾಗ, 1949ರಲ್ಲಿ ಸ್ವೀಡನ್ನಿನಿಂದ ಆ ಹುಳುವಿಗೆ ತಗಲುವ ಒಂದು ವೈರಸ್ಸನ್ನು ಕೆನಡಾಕ್ಕೆ ತರಿಸಿ ಮರಗಳಿಗೆ ಸಿಂಪಡಿಸಿದರು. ರೋಗ ತಗಲಿದ ಹುಳುವಿನ ಹಿಕ್ಕೆ ಬಿದ್ದ ಎಲೆಯನ್ನೇ ಪಕ್ಕದ ಹುಳುವೂ ತಿನ್ನುವುದರಿಂದ ಗುಂಪಿಗೆ ಗುಂಪೇ ಮಲಗಿತು. ಬೇರೆ ಕೀಟಗಳಿಗೆ ಅದರಿಂದ ತೊಂದರೆಯಿಲ್ಲ. ಇಂಥ ಔಷಧಿ ನಮ್ಮ ಹಿತ್ತಿಲಿಗೆ ಸಿಗುವುದಿಲ್ಲ. ಆದರೆ ಒಟ್ಟಿಗಿರುವ ವೈರಿಯನ್ನು ಒಟ್ಟಿಗೇ ಹಿಡಿಯಬಹುದೆಂಬ ಮರ್ಮ ನಮಗೂ ಉಪಯೋಗಕ್ಕೆ ಬರುತ್ತದೆ.

ನಾವು ಮಾಡಿದ್ದು ಇಷ್ಟೆ. ಬೆಳಿಗ್ಗೆ ಬಿಸಿಲು ಬರುವ ಮುಂಚೆ ಒಂದು ಅಡಿಕೆ ಹಾಳೆಯನ್ನು ಗಿಡದ ಬುಡಕ್ಕೆ ಒಡ್ಡಿ, ಎಲೆಗಳನ್ನು ಮೆಲ್ಲನೆ ತಟ್ಟುವುದು. ಸತ್ತಂತೆ ನಟಿಸುವ ಗುಣವೇ ಹುಳುವಿಗೆ ಇಲ್ಲಿ ಮುಳುವು. ಉದುರಿದ್ದು ಹಾಳೆಯಲ್ಲಿ ಸುರುಳಿಯಾಗಿ ಬಿದ್ದಿರುತ್ತದೆ, ಓಡುವುದಿಲ್ಲ. ಅದನ್ನು ಸಾಬೂನು ನೀರಿಗೆ ಹಾಕಿದರಾಯಿತು. ಬೆಳಿಗ್ಗೆ ಸಂಜೆ ನಾಲ್ಕು ದಿನ ಮಾಡಿದ ಮೇಲೆ ಎರಡು ಮಡಿಗಳಲ್ಲಿ ಹುಡುಕಿದರೂ ಹುಳು ಸಿಗಲಿಲ್ಲ. ಬಿ.ಟಿ.ಗೆ ಕೊಟ್ಟ ದುಡ್ಡು ಮಾತ್ರ ಹಿಂದೆ ಬರಲಿಲ್ಲ.

ಸಸಿಗಳು ಎಳೆಯದಿರುವಾಗ ಮಡಿಗೆ ತುಂಬ ನೀರು ಕಟ್ಟಿದರೆ ಅಡಗಿರುವ ಹುಳುಗಳು ಮುಳುಗಿ ಸಾಯುತ್ತವೆ. ಬೆಳೆ ತೆಗೆದ ಮೇಲೆ ಮಣ್ಣನ್ನು ಅಗೆದು ಬಿಸಿಲಿಗೆ ಒಡ್ಡಿದರೆ ಗೂಡುಗಳು ಹೊರಬೀಳುತ್ತವೆ. ಬೇಗ ಬಿತ್ತಿದ ಬೆಳೆಗೆ ಬಾಧೆ ಕಡಿಮೆ. ಹಾಗಲ ಬೀಜದ ಎಣ್ಣೆಯನ್ನು ನೀರಿನೊಡನೆ ಕಲಸಿ ಸಿಂಪಡಿಸಿದರೆ ಹುಳು ಎಲೆ ತಿನ್ನಲು ಹಿಂಜರಿಯುತ್ತದೆಂದು ಕೃಷಿ ವಿಜ್ಞಾನಿಗಳು ಹೇಳಿದ್ದಾರೆ. ಬಾಧೆ ಕೈಮೀರಿ ಔಷಧಿಯೇ ಬೇಕಾದರೆ ನಾಲ್ಕು ಹುಳುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ ಕೇಳತಕ್ಕದ್ದು. ಹೊಡೆದ ಮೇಲೆ ಎಷ್ಟು ದಿನ ಸೊಪ್ಪು ಕೀಳಬಾರದೆಂದೂ ಅಲ್ಲಿಯೇ ತಿಳಿದುಕೊಳ್ಳಿ. ಸಾಸಿವೆ ಹೂಬಿಟ್ಟಿದ್ದರೆ ಜೇನು ಬರುತ್ತಿರುತ್ತದೆ, ಆಗ ಹೊಡೆಯಬೇಡಿ.

ತೋಟದ ವಿಷಯದಲ್ಲಿಯೂ ಇದೇ ಉಪಾಯ ನಡೆಯುವ ಒಂದು ಕಡೆ ಉಂಟು. ಏಲಕ್ಕಿ ಇರುವವರು ನೆರಳು ಮರದ ಕಾಂಡದಲ್ಲಿ ಹಗಲು ಹೊತ್ತು ಚಾಪೆ ಹಾಸಿದಂತೆ ಗುಂಪಾಗಿ ಅಂಟಿಕೊಂಡಿರುವ ಕಂಬಳಿಹುಳುಗಳನ್ನು ನೋಡಿರುತ್ತೀರಿ. ಅವು ಪತಂಗದ ಮರಿಗಳು, ಕಾಲೆಣಿಸಿದರೆ ಹುಸಿಗಾಲು ಐದೇ ಜೋಡಿ. ಕುಲ ಬೇರೆಯಾದರೂ ಗುಂಪುಗೂಡುವ ಚಾಳಿ ಅದೇ. ಇಡೀ ತೋಟಕ್ಕೆ ಔಷಧಿ ಹೊಡೆಯುವ ಮುಂಚೆ ಆಳುಗಳನ್ನು ಬಿಟ್ಟು ಮರದಲ್ಲಿರುವಾಗಲೇ ಕೆರೆದು ತೆಗೆಸಿ ನಾಶ ಮಾಡಿಸುವುದು ಹಿಂದಿನಿಂದ ಬಂದ ಕ್ರಮ, ಇಂದಿಗೂ ಒಳ್ಳೆಯದೇ. ಅವುಗಳ ರೋಮ ತಾಗಿದರೆ ಮೈ ತುರಿಸಿ ದದ್ದು ಏಳುವುದರಿಂದ ಕೆಲಸದವರಿಗೆ ಕೈಚೀಲ ಮತ್ತು ತುಂಬುತೋಳಿನ ಅಂಗಿ ಕೊಡುವುದನ್ನು ಮರೆಯಬಾರದು.