ಏಳೇ ಏಳು ಕೆ.ಜಿ. ಗುರುವೇ!

ತೆರೆಯ ಮೇಲೆ ಹೀರೋ ವಿಮಾನ ಇಳಿದು ಬರೋ ಠೀವಿ ನೋಡಿದ್ದೀರಲ್ಲ? ಕಪ್ಪು ಕನ್ನಡಕ, ಕೋಟು, ಕೈಯಲ್ಲೊಂದು ಸೂಟ್‌ಕೇಸು. ಆ ಸೂಟ್‌ಕೇಸು ಎಷ್ಟೋ ಸಲ ಬರೀ ಖಾಲಿ ಸ್ವಾಮಿ, ಖಾಲಿ!

ನಿಜವಾದ ಏರ್‌ಪೋರ್ಟಿನಲ್ಲಿ ಈ ಆಟ ನಡೆಯೋಲ್ಲ. 2003ರಲ್ಲಿ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಏರ್ ಡೆಕ್ಕನ್ ಹಾರಿಸಿದ ಮೇಲೆ ಬಸ್ ಸ್ಟ್ಯಾಂಡಿನ ಗಿರಾಕಿಗಳಾದ ನಮಗೂ ಆಕಾಶ ಕೈಗೆಟುಕಿತು. (ಅವರ ಬದುಕಿನ ಸ್ಫೂರ್ತಿಯಿಂದಲೇ 2020ರಲ್ಲಿ ಸೂರ್ಯ ನಟಿಸಿದ ‘ಸೂರರೈ ಪೋಟ್ರು’ ಬಂದದ್ದು.) ಆದರೆ ಟಿಕೆಟ್ಟು ಅಗ್ಗವಾದಷ್ಟೂ ತಕ್ಕಡಿ ಬಿಗಿ. ದೇಶದೊಳಗಿನ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದೇ ಕೈಚೀಲ, 7 ಕೆ.ಜಿ. ಮೀರಿದರೆ ಕೌಂಟರಿನಲ್ಲಿ ದುಡ್ಡು ಬಿಚ್ಚಬೇಕು.

ಗೋಕಾಕದ ಕಡೆಯ ಲೈಟ್‌ಬಾಯ್ ಒಬ್ಬನಿದ್ದಾನೆ. ಹೈದರಾಬಾದಿನ ಶೂಟಿಂಗಿಗೆ ಬೆಳಗಾವಿಯಿಂದ ಹೊರಟ. ಪ್ರೊಡಕ್ಷನ್ನಿನವರು ಕೊಡಿಸಿದ್ದು ಕೈಚೀಲ ಮಾತ್ರದ ಟಿಕೆಟ್ಟು. ಚೀಲ ತೂಗಿದರೆ ಒಂಬತ್ತು ಕೆ.ಜಿ.! ಕೇಳಿದ ದಂಡ ಅವನ ದಿನದ ಕೂಲಿಗಿಂತ ಜಾಸ್ತಿ. ಒಳಗಿದ್ದ ಎರಡು ಕೆ.ಜಿ. ಕರದಂಟು ಕ್ಯಾಮೆರಾಮನ್ ಸಾಹೇಬರಿಗೆ. ಮುಂದಿನ ಚಿತ್ರಕ್ಕೂ ಕರೆಸಿಕೊಳ್ಳಬೇಕಾದವರು ಅವರೇ. “ಕರದಂಟ ಬಿಡಂಗಿಲ್ರೀ ಸರ, ಬೇಕಾರ ಪ್ಯಾಂಟ್ ಬಿಡ್ತೀನಿ” ಅಂದನಂತೆ ಭೂಪ! ಕೊನೆಗೆ ಪ್ಯಾಂಟಿನ ಮೇಲೆ ಪ್ಯಾಂಟು, ಶರ್ಟಿನ ಮೇಲೆ ಮೂರು ಶರ್ಟು ತೊಟ್ಟು, ಬೆವರುತ್ತಾ ವಿಮಾನ ಹತ್ತಿದ.

ಈ ಕಥೆಯನ್ನು ನಾನು ಗಾಂಧಿನಗರದ ಒಬ್ಬ ಕಾಸ್ಟ್ಯೂಮ್ ಅಸಿಸ್ಟೆಂಟ್‌ಗೆ ಹೇಳಿದೆ. ಟ್ರಂಕುಗಟ್ಟಲೆ ಬಟ್ಟೆ ತುಂಬಿ ಪಳಗಿದ ಕೈ. ನಗಲಿಲ್ಲ ಆಸಾಮಿ. “ಮೊದಲು ಖಾಲಿ ಚೀಲ ತೂಗಬೇಕಿತ್ತು” ಅಂದ. ಚಕ್ರದ ಟ್ರಾಲಿಯೇ ಎರಡೂವರೆ ಮೂರು ಕೆ.ಜಿ. ನುಂಗುತ್ತೆ, ಬಟ್ಟೆಯ ಹೆಗಲುಚೀಲ ಒಂದರೊಳಗೇ. ಭಾರದ ಶೂ, ಜೀನ್ಸ್, ಜಾಕೆಟ್ ಮೈಮೇಲಿರಲಿ. ಟೀ ಶರ್ಟನ್ನು ಚಾಪೆ ಥರ ಬಿಗಿಯಾಗಿ ಸುತ್ತಿ, ಸಂದುಗಳಲ್ಲಿ ಕಾಲುಚೀಲ ತುರುಕಿ. ಟರ್ಕಿ ಟವೆಲ್ ಬೇಡ, ತೆಳು ಪಂಚೆ ಸಾಕು. ಮೂರು ದಿನಕ್ಕೆ ಮೂರು ಪ್ಯಾಂಟು ಯಾಕೆ? ಕಂಟಿನ್ಯುಟಿ ಅಂದುಕೊಂಡು ಒಂದರಲ್ಲೇ ಸುಧಾರಿಸಿ! ಅವನ ಲೆಕ್ಕದಲ್ಲಿ ಚೀಲವೂ ಸೇರಿ ನಾಲ್ಕು ಕೆ.ಜಿ. ದಾಟೋಲ್ಲ. ಕರದಂಟಿಗೆ ಧಾರಾಳ ಜಾಗ.

ಪವರ್‌ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಗೆ ಹಾಕುವ ಲಗೇಜಿನಲ್ಲಿ ಕೂಡದು. ಬ್ಯಾಟರಿಗೆ ಬೆಂಕಿ ಹತ್ತಿದರೆ ಅಲ್ಲಿ ನೋಡೋರು ಯಾರು? ಬೆಂಕಿಪೊಟ್ಟಣ, ಲೈಟರ್, ಚಾಕು, ಖಾರದ ಪುಡಿ ಕೈಚೀಲದಲ್ಲಿ ಬಿಡೋಲ್ಲ. ವಿದೇಶಕ್ಕಾದರೆ ತಲೆಗೆ ಹಚ್ಚೋ ಎಣ್ಣೆಗೂ ತಕರಾರು: ಬಹುತೇಕ ಕಡೆ 100 ಮಿ.ಲೀ.ಗಿಂತ ದೊಡ್ಡ ಶೀಶೆ ಕೂಡದು. 1978ರ ‘ಸಿಂಗಪುರದಲ್ಲಿ ರಾಜಾಕುಳ್ಳ’ ಕಾಲಕ್ಕೆ ಈ ಕಾಟ ಇರಲಿಲ್ಲ. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ಮೇಲೆ ಶುರುವಾದದ್ದು.

ಮನೆಯಲ್ಲಿ ತೂಗೋಕೆ ತಕ್ಕಡಿ ಇಲ್ಲ ಅಂತೀರಾ? ಗುಜರಿ ಅಂಗಡಿಯವನ ಕೊಕ್ಕೆ ತಕ್ಕಡಿ ಇದೆಯಲ್ಲ, ಒಂದು ಟೀ ಕೊಡಿಸಿ!